ಅತ್ತೆಯ ಸ್ತೋತ್ರ, ಕಾರಿನ ಕುಂಯ್ ಸದ್ದು

ನಮ್ಮತ್ತೆ ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಡುವವರಲ್ಲ. ಹಳೇಬೀಡಿನ ಬಸದಿಗಳ ಆಸುಪಾಸಿನ ನಮ್ಮಂಥ ಜೈನರ ಮನೆಗಳಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ, ಕತ್ತಲಾಗುವಷ್ಟರಲ್ಲಿ ಒಲೆ ತಣ್ಣಗಾಗಿರುತ್ತದೆ. ಆದರೆ ಅತ್ತೆಯದು ಅದರ ಮೇಲೆ ಇನ್ನೊಂದು ನೇಮ. ಸಂಜೆಯ ಊಟಕ್ಕೆ ಮುಂಚೆ ಒಂದು ಸ್ತೋತ್ರವನ್ನು ಬಾಯಿಬಿಟ್ಟು ಪೂರ್ತಿ ಹೇಳಬೇಕು. ನಡುವೆ ಒಂದು ಸಾಲು ತಪ್ಪಿದರೂ ಮತ್ತೆ ಮೊದಲಿಂದ. ಹೇಳಿ ಮುಗಿಯದಿದ್ದರೆ ಅಂದು ಊಟವಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಹೂ ಕಟ್ಟುತ್ತಾ, ಅಕ್ಕಿ ಆರಿಸುತ್ತಾ, ನಡುವೆ ನನ್ನ ಕೆಲಸ ಸರಿಯಿಲ್ಲವೆಂದು ಕಣ್ಣಲ್ಲೇ ಗದರಿಸುತ್ತಾ, ಒಂದಕ್ಷರ ಆಚೀಚೆಯಾಗದಂತೆ ಹೇಳಿ ಮುಗಿಸುತ್ತಿದ್ದರು. ನನಗೋ, ಮೊದಲ ನಾಲ್ಕು ಸಾಲು ಬಿಟ್ಟರೆ ಇವತ್ತಿಗೂ ಬರುವುದಿಲ್ಲ.

ಕಣ್ಣು ಮಂಜಾದ ಮೇಲೆ ಪುಸ್ತಕ ಹಿಡಿಯುವುದು ನಿಂತಿತು. "ನಂಗೇನ್ ಮರ್ತೋಗಿಲ್ಲ ಕಣೇ, ಜೊತೇಲಿ ಒಂದು ದನಿ ಇದ್ರೆ ಧೈರ್ಯ" ಎಂದರು. ಬಸದಿಯ ಪುರೋಹಿತರು ನಿಧಾನವಾಗಿ, ಸಾಲುಸಾಲಿಗೂ ನಿಲ್ಲಿಸಿ ಹೇಳಿದ್ದನ್ನು ನನ್ನ ಗಂಡ ಒಂದು ಪುಟ್ಟ ಮ್ಯೂಸಿಕ್ ಪ್ಲೇಯರಿಗೆ ತುಂಬಿಸಿಕೊಟ್ಟರು. ಪುರೋಹಿತರು ಒಂದು ಸಾಲು ಹೇಳುವುದು, ಅತ್ತೆ ಅದನ್ನು ಒಪ್ಪಿಸುವುದು. ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡು ಹೇಳಿ, ಮುಗಿಸಿ ಊಟಕ್ಕೆ ಬರುತ್ತಿದ್ದರು. ಕೆಲವು ದಿನ ತೀರಾ ತಡವಾಗಿ ಬರುತ್ತಿದ್ದರು. ವಯಸ್ಸಾಯಿತು, ನಡುವೆ ತೂಕಡಿಸಿರಬೇಕು ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಅತ್ತೆಯ ಕಾಲಿಗೆ ಹುಣ್ಣಾಯಿತು. ಸಕ್ಕರೆ ಕಾಯಿಲೆಯವರ ಹುಣ್ಣು, ಬೇಗ ಮಾಯುವುದಿಲ್ಲ. ಎರಡು ದಿನಕ್ಕೊಮ್ಮೆ ಅರಸೀಕೆರೆಗೆ ಕರೆದುಕೊಂಡು ಹೋಗಿ ಪಟ್ಟಿ ಬದಲಿಸಬೇಕು. ನನ್ನ ಗಂಡನಿಗೆ ಕಾರು ಬರುವುದಿಲ್ಲ. ಸ್ಕೂಟರು, ಅಂಗಡಿ, ಮನೆ, ಇಷ್ಟೇ ಅವರ ಪ್ರಪಂಚ. ಹಾಗಾಗಿ ಶಾಲೆಯಲ್ಲಿ ನನ್ನ ಮಧ್ಯಾಹ್ನದ ಪಾಠಗಳನ್ನು ಸಹೋದ್ಯೋಗಿಗಳ ತಲೆಗೆ ಕಟ್ಟಿ ನಾನೇ ಓಡಿಸಬೇಕು. ಡಾಕ್ಟರು ಕೂರುವುದೇ ಮೂರು ಗಂಟೆಯ ಮೇಲೆ. ನಮ್ಮ ಸರದಿ ಮುಗಿದು ಹೊರಡುವಷ್ಟರಲ್ಲಿ ಬಿಸಿಲು ಬಾಗಿರುತ್ತದೆ. ಡಾಕ್ಟರು ಮೊದಲ ದಿನವೇ ಹೇಳಿದ್ದರು: "ಮಾತ್ರೆ ನುಂಗಿ ಊಟ ತಪ್ಪಿಸಿದ್ರೆ ಸಕ್ಕರೆ ಇಳಿದು ಒಂದಿನ ಎಚ್ಚರಾನೇ ಆಗಲ್ಲಮ್ಮ. ತಮಾಷೆ ಅಲ್ಲ ಇದು."

ಅತ್ತೆ ಹೊರಗೆ ತಿನ್ನುವವರಲ್ಲ. ಮನೆಯ ಅನ್ನ, ಮನೆಯಲ್ಲಿ ಸೋಸಿದ ನೀರು. ಆಸ್ಪತ್ರೆಯಲ್ಲಿ ಸ್ತೋತ್ರ ಹೇಳುವುದಿಲ್ಲ, ಅಲ್ಲಿ ಮೈಲಿಗೆ. ಮಧ್ಯಾಹ್ನವೇ ಹೇಳಿ ಮುಗಿಸಿಬಿಡಿ ಎಂದರೆ, "ಸಂಜೆದು ಸಂಜೆಗೇ." ಕಾಯಿಲೆಯವರಿಗೆ ನೇಮದಲ್ಲಿ ವಿನಾಯಿತಿ ಇದೆ ಎಂದು ಮುನಿಗಳೇ ಹೇಳುತ್ತಾರಲ್ಲ ಎಂದೆ. "ಹೇಳೋರು ಹೇಳ್ತಾರೆ. ನೇಮ ತಗೊಂಡೋಳು ನಾನು" ಎಂದು ಬಾಯಿ ಮುಚ್ಚಿಸಿದರು. ಉಳಿದದ್ದು ಒಂದೇ ದಾರಿ: ಬರುವಾಗ ಕಾರಿನಲ್ಲೇ ಸ್ತೋತ್ರ ಮುಗಿಸಬೇಕು, ಹೊತ್ತು ಮುಳುಗುವ ಮುಂಚೆ ಮನೆ ಸೇರಿ ತಟ್ಟೆಯ ಮುಂದೆ ಕೂರಬೇಕು.

ಮೊದಲು ನನ್ನ ಫೋನಿನಲ್ಲೇ ಹಾಕಿದೆ. ಅರ್ಧದಲ್ಲಿ ಯಾರೋ ಕರೆಮಾಡಿ ಸೈಟು ಬೇಕಾ ಎಂದರು. ಸ್ತೋತ್ರ ತುಂಡಾಯಿತು, ಮತ್ತೆ ಮೊದಲಿಂದ. ಅಂದಿನಿಂದ ಫೋನೆಂದರೆ ಅತ್ತೆಗೆ ಆಗುವುದಿಲ್ಲ. ಪ್ಲೇಯರಿಗೆ ಇಯರ್‌ಫೋನ್ ಹಾಕೋಣವೆಂದರೆ ಅವರ ಕಿವಿಯಲ್ಲಿ ಶ್ರವಣಯಂತ್ರ ಕೂತಿದೆ. ಕೊನೆಗೆ ಪ್ಲೇಯರಿನಿಂದ ಕಾರಿನ ಸ್ಟೀರಿಯೋಗೆ ಒಂದು ವೈರು ಎಳೆದೆ. ಪ್ಲೇಯರಿನ ಬ್ಯಾಟರಿ ಹಳೆಯದಾಗಿ ಹತ್ತು ನಿಮಿಷಕ್ಕೇ ಕಣ್ಣು ಮುಚ್ಚುತ್ತಿತ್ತು. ಹೊಸ ಪ್ಲೇಯರು ಕೇಳಿದರೆ ಅಂಗಡಿಯವರು ಫೋನು ತೋರಿಸುತ್ತಾರೆ. ಸರಿ, ಚಾರ್ಜರು ಚುಚ್ಚಿದೆ. ಸಿಗರೇಟು ಹೊತ್ತಿಸಲೆಂದು ಕಾರಿನಲ್ಲಿ ಕೊಟ್ಟಿರುವ ಸಾಕೆಟ್ಟಿನಿಂದ ನಮ್ಮತ್ತೆಯ ಸ್ತೋತ್ರಕ್ಕೆ ಕರೆಂಟು.

ಶುರುವಾಯಿತು ನೋಡಿ ಸದ್ದು. ಕುಂಯ್ ಅಂತ. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ತಿರುವಿನಲ್ಲಿ ಇಂಡಿಕೇಟರ್ ಹಾಕಿದರೆ ಪುರೋಹಿತರ ದನಿಯೊಳಗೆ ಟಿಕ್ ಟಿಕ್. ವಾಲ್ಯೂಮು ಹೆಚ್ಚಿಸಿದರೆ ಪುರೋಹಿತರ ಜೊತೆ ಅದೂ ಹೆಚ್ಚುತ್ತದೆ. ಚಾರ್ಜರು ಕಿತ್ತರೆ ಸದ್ದು ಮಾಯ, ಸ್ವಲ್ಪ ಹೊತ್ತಿಗೆ ಪುರೋಹಿತರೂ ಮಾಯ. ಹಿಂದಿನ ಸೀಟಿನಿಂದ ಅತ್ತೆ, "ಏನ್ ಅಂದ್ರು? ಕೇಳಿಸ್ಲಿಲ್ಲ. ಸಾಲು ತಪ್ತು ಕಣೇ, ಮೊದಲಿಂದ ಹಾಕು" ಎನ್ನುತ್ತಿದ್ದರು. ನಾನು ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಪ್ಲೇಯರಿನ ಗುಂಡಿ ಒತ್ತುತ್ತಾ, ಎದುರು ಬರುವ ತೆಂಗಿನಕಾಯಿ ಲಾರಿಯವನಿಂದ ಬೈಸಿಕೊಳ್ಳುತ್ತಾ, ಮತ್ತೆ ಮೊದಲಿಂದ ಹಾಕುತ್ತಿದ್ದೆ.

ಹೀಗೇ ಒಂದು ದಿನ ಮನೆ ಮುಟ್ಟುವಾಗ ಸ್ತೋತ್ರ ಮುಗಿದಿರಲಿಲ್ಲ. ಅತ್ತೆ ಉಣ್ಣಲಿಲ್ಲ. ಬೆಳಿಗ್ಗೆ ನೋಡಿದರೆ ರವಿಕೆ ಬೆವರಿನಲ್ಲಿ ತೊಯ್ದಿತ್ತು, ಲೋಟ ಹಿಡಿದ ಕೈ ನಡುಗುತ್ತಿತ್ತು. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ಆ ಸಿಟ್ಟನ್ನು ಅತ್ತೆಯ ಮೇಲೆ ತೋರಿಸುವ ಹಾಗಿಲ್ಲವಲ್ಲ, ಕಾರಿನ ಮೇಲೆ ತೋರಿಸಿದೆ.

ಅರಸೀಕೆರೆಯಲ್ಲಿ ಕಾರಿನ ವೈರಿಂಗ್ ಮಾಡುವವನೊಬ್ಬನಿದ್ದಾನೆ. ಅವನ ಮುಂದೆ ನಿಲ್ಲಿಸಿ ಕೇಳಿಸಿದೆ. ಅವನು ತಲೆ ಓರೆಮಾಡಿ ಪೂರ್ತಿ ಕೇಳಿ, "ಡೈನಮೋ ಸದ್ದು ಮೇಡಂ" ಎಂದ. ಹಾಗಾದರೆ ಸರಿಮಾಡು ಎಂದೆ. "ಡೈನಮೋ ಚೆನ್ನಾಗೈತೆ. ಸದ್ದು ಬರೋದು ಬರುತ್ತೆ" ಎಂದ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು. ಆಮೇಲೆ ಅರ್ತ್ ವೈರು ಬಿಚ್ಚಿ ಉಜ್ಜಿ ಕಟ್ಟಿದ, ಸದ್ದು ಹೋಗಲಿಲ್ಲ. ಬೇರೆ ಚಾರ್ಜರು ಹಾಕಿದ, ಸದ್ದು ಇನ್ನೂ ಗಟ್ಟಿಯಾಯಿತು. ಮುಂದಿನ ಸಲ ವೈರಿನ ನಡುವೆ ಬೆಂಕಿಪೊಟ್ಟಣದಂಥ ಒಂದು ಡಬ್ಬಿ ಕೂರಿಸಿದ. ಸದ್ದೇನೋ ತಗ್ಗಿತು, ಜೊತೆಗೆ ಪುರೋಹಿತರ ದನಿಯೂ ಬಾವಿಯೊಳಗಿಂದ ಬಂದಂತಾಯಿತು. ಅತ್ತೆ, "ಇವ್ರಿಗೇನ್ ನೆಗಡಿನಾ?" ಎಂದರು. ಡಬ್ಬಿ ಕೀಳಿಸಿದೆ.

"ಇಂಜಿನ್ ಆಫ್ ಮಾಡಿ ಕೇಳಿಸು, ಸದ್ದು ಬರಲ್ಲ" ಎಂದು ನನ್ನ ಗಂಡ ಅಂಗಡಿಯಲ್ಲಿ ಕೂತೇ ಉಪಾಯ ಹೇಳಿದರು. ಸದ್ದು ಬರುವುದಿಲ್ಲ ನಿಜ, ಕಾರೂ ಮುಂದೆ ಹೋಗುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಆದರೂ ಒಂದು ದಿನ ಹಾರನಹಳ್ಳಿ ದಾಟಿ ಹುಣಸೆಮರದ ಕೆಳಗೆ ನಿಲ್ಲಿಸಿ ಹಾಕಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅತ್ತೆ ತಪ್ಪಿದರು. ಪಕ್ಕದಲ್ಲಿ ಟೆಂಪೋ ಹಾರನ್ ಹೊಡೆದುಕೊಂಡು ಹೋಗಿತ್ತು, ಅದರಿಂದಲೇ ಎಂದುಕೊಂಡೆ. ಮೊದಲಿಂದ ಹಾಕುವಷ್ಟರಲ್ಲಿ ಬಿಸಿಲು ತೆಂಗಿನ ಗರಿಗಳಿಗಿಂತ ಕೆಳಗಿಳಿದಿತ್ತು. ಅವತ್ತೂ ಉಪವಾಸ. ಕಾಲಿನ ಹುಣ್ಣಿನ ಸುತ್ತ ಕಪ್ಪಾಗುತ್ತಿತ್ತು. ಡಾಕ್ಟರು ಪಟ್ಟಿ ಬಿಚ್ಚಿ, ನನ್ನನ್ನು ಹೊರಗೆ ಕರೆದು, "ಊಟ ಹಾಕ್ತಿಲ್ವೇನಮ್ಮ ಇವರಿಗೆ?" ಎಂದು ಕೇಳಿದರು. ಏನು ಹೇಳಲಿ? ಕಾರಿನಲ್ಲಿ ಕುಂಯ್ ಅನ್ನುತ್ತದೆ, ಅದಕ್ಕೆ ನಮ್ಮತ್ತೆ ಉಣ್ಣುವುದಿಲ್ಲ ಎಂದರೆ ನಂಬುವವರು ಯಾರು?

ಶಾಲೆಯಲ್ಲಿ ವಿಜ್ಞಾನ ಕಲಿಸುವ ಗೆಳತಿಯ ಮುಂದೆ ಒಂದು ದಿನ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕೇಳಿದಳು. ಹೇಳಿದೆ. "ಚಾರ್ಜಿಗೂ ಅದೇ ಕಾರು, ಹಾಡೋದಕ್ಕೂ ಅದೇ ಕಾರು. ಎರಡು ವೈರೂ ಸೇರಿ ಸುತ್ತು ಹಾಕ್ತವೆ ಕಣೇ, ಆ ಸುತ್ತಲ್ಲಿ ಇಂಜಿನ್ ಸದ್ದು ನುಗ್ಗುತ್ತೆ. ಕಾರಿನ ಕರೆಂಟೇ ತಗೋಬೇಡ" ಎಂದು ಬ್ಯಾಗಿನಿಂದ ತನ್ನ ಪವರ್ ಬ್ಯಾಂಕ್ ತೆಗೆದುಕೊಟ್ಟಳು. ಇಷ್ಟೇನಾ ಎಂದೆ. ಇಷ್ಟೇ ಎಂದಳು. ಅಷ್ಟು ದಿನ ಕಾರು ಬಿಚ್ಚಿಸಿದ್ದೆಲ್ಲ ಹುತ್ತ ಬಡಿದಂತಾಗಿತ್ತು.

ಮರುದಿನವೇ ಆಸ್ಪತ್ರೆಯ ಸರದಿ. ಪಟ್ಟಿ ಕಟ್ಟಿಸಿಕೊಂಡು ಬೇಗನೇ ಹೊರಟೆವು, ಹೊತ್ತು ಧಾರಾಳವಾಗಿತ್ತು. ಪ್ಲೇಯರನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಇಂಜಿನ್ ಶುರುಮಾಡಿದೆ. ಆಕ್ಸಿಲರೇಟರ್ ಒತ್ತಿದೆ. ಏನೂ ಇಲ್ಲ. ಬೇಕೆಂದೇ ಇಂಡಿಕೇಟರ್ ಹಾಕಿದೆ. ಏನೂ ಇಲ್ಲ. ಪುರೋಹಿತರು ಪಕ್ಕದ ಸೀಟಿನಲ್ಲಿ ಕೂತು ಹೇಳುತ್ತಿರುವಷ್ಟು ಸ್ವಚ್ಛ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇವತ್ತು ಅತ್ತೆಗೆ ಬಿಸಿ ಅನ್ನ, ಹೆಸರುಬೇಳೆ ತೊವ್ವೆ, ಮೇಲೊಂದು ಚಮಚ ತುಪ್ಪ ಎಂದು ಗಂಡನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು.

ಅತ್ತೆ ಹೇಳತೊಡಗಿದರು. ಮೊದಲ ಭಾಗ ಚೆನ್ನಾಗಿ ನಡೆಯಿತು. ಹಾರನಹಳ್ಳಿ ದಾಟಿದ ಮೇಲೆ ಪುರೋಹಿತರು ಒಂದು ಸಾಲು ಹೇಳಿ ನಿಲ್ಲಿಸಿದರು. ಹಿಂದಿನಿಂದ ದನಿಯಿಲ್ಲ. ಪುರೋಹಿತರು ಮುಂದಿನ ಸಾಲಿಗೆ ಹೋದರು. ಕನ್ನಡಿಯಲ್ಲಿ ನೋಡಿದೆ. ಅತ್ತೆಯ ತುಟಿ ಅಲ್ಲಾಡುತ್ತಿತ್ತು. "ಮೊದಲಿಂದ ಹಾಕು" ಎಂದರು. ಹಾಕಿದೆ. ಈ ಸಲ ಅದಕ್ಕೂ ಮುಂಚೆಯೇ ನಿಂತರು. ಮೂರನೆಯ ಸಲ ಪುರೋಹಿತರು ಒಂದು ಹೇಳಿದರೆ ಅತ್ತೆಯ ಬಾಯಲ್ಲಿ ಎಲ್ಲೋ ಕೊನೆಯ ಸಾಲು ಬಂತು. ತಪ್ಪೆಂದು ಅವರಿಗೇ ಗೊತ್ತಾಗಿ ಥಟ್ಟನೆ ನಿಲ್ಲಿಸಿದರು. ಈಗಷ್ಟೇ ಕಿವಿಗೆ ಬಿದ್ದ ನಾಲ್ಕು ಪದ, ಅದನ್ನು ಹಾಗೇ ತಿರುಗಿ ಹೇಳಬೇಕು, ಅಷ್ಟೇ. ಅದು ಅವರಿಂದ ಆಗುತ್ತಿರಲಿಲ್ಲ.

ಡೈನಮೋ, ಅರ್ತು, ಚಾರ್ಜರು, ಟೆಂಪೋ ಹಾರನ್ನು, ಯಾವುದಾದರೂ ಒಂದನ್ನು ಬೈಯಬೇಕೆನ್ನಿಸಿತು. ಬೈಯಲು ಏನೂ ಉಳಿದಿರಲಿಲ್ಲ. ನನಗೆ ಬರುವ ನಾಲ್ಕು ಸಾಲನ್ನು ಅವರ ಜೊತೆ ಗಟ್ಟಿಯಾಗಿ ಹೇಳಿದೆ. ಆಮೇಲಿನದು ನನಗೂ ಬರುವುದಿಲ್ಲ. ಎಷ್ಟು ಸಲ ಮೊದಲಿಂದ ಹಾಕಿದೆನೋ ಲೆಕ್ಕವಿಲ್ಲ, ಕಾರು ಓಡಿಸುತ್ತಲೇ ಇದ್ದೆ.

ಮನೆಯ ಮುಂದೆ ನಿಲ್ಲಿಸಿದಾಗ ಇನ್ನೂ ಒಂದಿಷ್ಟು ಬೆಳಕಿತ್ತು. ನನ್ನ ಗಂಡ ಬಾಗಿಲಲ್ಲಿ ನಿಂತು, "ತಟ್ಟೆ ಹಾಕಿದೀನಿ, ಬೇಗ ಬನ್ನಿ" ಎಂದು ಕರೆದರು. ಅತ್ತೆ ಇಳಿಯಲಿಲ್ಲ. "ಇನ್ನೊಂದ್ಸಲ ಹಾಕು" ಎಂದರು. ಇಂಜಿನ್ ಆರಿಸಿ ಹಾಕಿದೆ. ಇಬ್ಬರೂ ಕೂತು ಕೇಳಿದೆವು. ಅತ್ತೆ ಮತ್ತೆ ತಪ್ಪಿದರು, ಬಹಳ ಬೇಗ ತಪ್ಪಿದರು. ಪ್ಲೇಯರು ನಿಲ್ಲಿಸಿದೆ.

"ಸದ್ದು ಐತಲ್ಲೇ ಇನ್ನೂ" ಎಂದರು ಅತ್ತೆ. "ಅದ್ಕೇ ಗೊತ್ತಾಗ್ತಿಲ್ಲ ನಂಗೆ."

ಪ್ಲೇಯರು ನಿಂತಿತ್ತು, ಇಂಜಿನ್ ಆರಿತ್ತು. ಇಲ್ಲವಲ್ಲ ಅತ್ತೆ, ಸದ್ದೇ ಇಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂತಿರುಗಿ ನೋಡಿದೆ. ನನ್ನನ್ನು ಅಷ್ಟು ವರ್ಷ ಕಣ್ಣಲ್ಲೇ ಗದರಿಸಿದ ಹೆಂಗಸು ಮುಂದಿನ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅಷ್ಟು ದೀನವಾಗಿ ಅವರು ನನ್ನನ್ನು ಯಾವತ್ತೂ ನೋಡಿದ್ದಿಲ್ಲ.

"ಐತೆ ಅಲ್ವೇನೇ?" ಎಂದು ಮತ್ತೆ ಕೇಳಿದರು.

"ಹೌದತ್ತೆ, ಇದೆ" ಎಂದೆ. "ಹಾಳಾದ್ದು ಹೋಗೇ ಇಲ್ಲ. ಅರಸೀಕೆರೆಗೆ ಹೋದಾಗ ಮತ್ತೆ ತೋರಿಸ್ತೀನಿ."

ಅತ್ತೆಯ ಮುಖ ಸಡಿಲವಾಯಿತು. "ಅವ್ನ್ಗೆ ಸರಿಯಾಗಿ ಬೈದು ಮಾಡ್ಸು" ಎಂದು, ನನ್ನ ತೋಳು ಹಿಡಿದು ಇಳಿದು ಒಳಗೆ ಬಂದರು. ಅನ್ನದ ಮೇಲೆ ಹಬೆ ಆಡುತ್ತಿತ್ತು. ಕಿಟಕಿಯಲ್ಲಿ ಒಮ್ಮೆ ಹೊತ್ತು ನೋಡಿ, "ಸ್ತೋತ್ರ ಮುಗೀಲಿಲ್ವಲ್ಲ" ಎಂದು ತಟ್ಟೆ ಮುಚ್ಚಿಡಲು ಹೇಳಿ, ಉಣ್ಣದೆ ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ನಡೆದರು.