ಪಾದವಿಲ್ಲದ ಕಾಲುಚೀಲ

ನನ್ನ ಸೋದರಮಾವ ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ನಮ್ಮ ಪರಿಚಯದ ಗಂಡಸರೆಲ್ಲ ಹೋಟೆಲಿನ ಒಲೆಯ ಮುಂದೆ ಬೆವರು ಸುರಿಸುತ್ತಿದ್ದರೆ, ಇವರೊಬ್ಬರು ಮೇ ತಿಂಗಳಲ್ಲೂ ನಡುಗುತ್ತ ಮನೆಗೆ ಬರುತ್ತಿದ್ದರು. ಗೋರೆಗಾಂವ್‌ನ ಚಾಳಿನಲ್ಲಿ ನಮ್ಮದು ಒಂದೂವರೆ ಕೋಣೆ. ಅಪ್ಪ, ಅಮ್ಮ, ನಾನು, ಜೊತೆಗೆ ಇನ್ನೂ ಮದುವೆಯಾಗದ ಈ ಮಾವ. ಐವತ್ತರ ದಶಕದ ನಡುವಿನ ಮಾತು; ನನಗೆ ಹದಿನಾಲ್ಕು ವರ್ಷ.

ಫ್ಯಾಕ್ಟರಿಯ ನೆಲದಲ್ಲಿ ಯಾವಾಗಲೂ ಉಪ್ಪುನೀರು. ಮಾವ ಖಾಕಿ ಚಡ್ಡಿ, ರಬ್ಬರ್ ಚಪ್ಪಲಿ ಹಾಕಿಕೊಂಡು ದಿನವಿಡೀ ಮಂಜುಗಡ್ಡೆ ಎಳೆಯುತ್ತಿದ್ದರು. ಆ ವರ್ಷ ಅವರ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಒಮ್ಮೆ ಸ್ಟೇಷನ್ನಿನ ಮೆಟ್ಟಿಲಲ್ಲೇ ಕಾಲು ಮರಗಟ್ಟಿ ಕೂತುಬಿಟ್ಟರು. ಡಾಕ್ಟರು ನೋಡಿ, ಕಾಲು ಬೆಚ್ಚಗಿಟ್ಟುಕೊಳ್ಳಿ ಎಂದರು. ಉಣ್ಣೆಯ ಕಾಲುಚೀಲ ಹಾಕಿ ಹೋದರೆ ಅರ್ಧ ಗಂಟೆಯಲ್ಲಿ ತೊಯ್ದು ಇನ್ನಷ್ಟು ಚಳಿ.

"ಪಾದ ಒದ್ದೆಯಾದ್ರೆ ಒರೆಸಿಕೊಳ್ಳಬಹುದು ಮಾರಾಯ," ಎಂದರು ಅಮ್ಮ. "ನಿನಗೆ ಬೇಕಾದದ್ದು ಪಾದವೇ ಇಲ್ಲದ ಕಾಲುಚೀಲ."

ಅಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ. ನಮ್ಮ ಪಕ್ಕದ ಕೋಣೆಯಲ್ಲಿ ಪಂಜಾಬಿ ಹೆಂಗಸೊಬ್ಬರಿದ್ದರು. ದೇಶ ಇಬ್ಭಾಗವಾದಾಗ ಲಾಹೋರಿನಿಂದ ಬಂದವರು. ಚಾಳಿನ ಮಕ್ಕಳಿಗೆಲ್ಲ ಮಾಸೀಜಿ. ಮುಂಬಯಿಯ ಸೆಕೆಯಲ್ಲಿ ಯಾರಿಗೂ ಬೇಡದಿದ್ದರೂ ಅವರ ಕೈಯಲ್ಲಿ ಸದಾ ಹೆಣಿಗೆಯ ಕಡ್ಡಿಗಳು. ಅಮ್ಮ ನನ್ನನ್ನು ಅವರ ಹತ್ತಿರ ಕಳಿಸಿದರು. ಮಾಸೀಜಿ ಕೇಳಿಸಿಕೊಂಡು, "ಆಗುತ್ತದೆ. ಆದರೆ ನಾನು ಮಾಡಿಕೊಡುವುದಿಲ್ಲ, ನೀನು ಮಾಡು," ಎಂದು ಹಿಂದಿಯಲ್ಲಿ ಹೇಳಿ ಎರಡು ಕಡ್ಡಿ ನನ್ನ ಕೈಗಿತ್ತರು.

ಅಪ್ಪ ಹಳೆಯ ಬಟ್ಟೆಯ ಬಜಾರಿನಿಂದ ಒಂದು ಕಡುಹಸಿರು ಸ್ವೆಟರ್ ತಂದರು. ಅದನ್ನು ಬಿಚ್ಚಿ, ಎಳೆಗಳನ್ನು ಒಗೆದು, ಗ್ಯಾಲರಿಯ ಕಟಾಂಜನಕ್ಕೆ ಒಣಹಾಕಿ, ಉಂಡೆ ಸುತ್ತಿದೆವು. ಆಮೇಲೆ ಪಾಠ.

"ದೋ ಸೀಧಾ, ದೋ ಉಲ್ಟಾ," ಎನ್ನುತ್ತಿದ್ದರು ಮಾಸೀಜಿ. ಎರಡು ಕುಣಿಕೆ ಮುಂದಿನಿಂದ, ಎರಡು ಹಿಂದಿನಿಂದ, ಸಾಲು ಮುಗಿಯುವವರೆಗೆ ಅಷ್ಟೇ. ಹೀಗೆ ಹೆಣೆದರೆ ಬಟ್ಟೆಯಲ್ಲಿ ಉದ್ದುದ್ದ ಗೆರೆಗಳೇಳುತ್ತವೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕಾಲನ್ನು ಅಪ್ಪಿಕೊಳ್ಳುತ್ತದೆ. ಗೆರೆ ಇಲ್ಲದೆ ಹೆಣೆದದ್ದು ಜಾರಿ ಪಾದದ ಮೇಲೆ ಗುಡ್ಡೆಯಾಗುತ್ತದೆ ಎಂದು ಅವರು ತಮ್ಮ ಕಾಲನ್ನೇ ಚಾಚಿ ತೋರಿಸಿದರು.

ಮೊದಲನೆಯದು ಎರಡು ವಾರ ಹಿಡಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಕೆಳಗೆ ರಸ್ತೆಯಲ್ಲಿ ಬ್ಯಾಂಡಿನವರ ಸಮೇತ ಒಂದು ಮದುವೆಯ ಮೆರವಣಿಗೆ ಹೋಯಿತು. ಅದನ್ನು ನೋಡುತ್ತಲೇ ಹೆಣೆದೆ. ನಾಲ್ಕು ಬೆರಳಿನಷ್ಟು ಮುಂದೆ ಹೋದ ಮೇಲೆ ನೋಡಿದರೆ ಗೆರೆಗಳೆಲ್ಲ ಒಂದೇ ಕಡೆ ಪಕ್ಕಕ್ಕೆ ಸರಿದಿದ್ದವು. ಮಾಸೀಜಿ ಬಿಚ್ಚು ಎಂದರು. ನನಗೆ ಅಳುವೇ ಬಂತು.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇರ್ಲಿ ಬಿಡು. ನನ್ನ ಕಾಲು ಯಾರು ನೋಡ್ತಾರೆ?"

ಹೆಣೆದು ಮುಗಿದ ಮರುದಿನವೇ ಹಾಕಿಕೊಂಡು ಹೋದರು. ಫ್ಯಾಕ್ಟರಿಯಲ್ಲಿ ಜೊತೆಯವರು, ಕಾಲಿಗೆ ಪಟ್ಟಿ ಸುತ್ತಿದ ರೇಸಿನ ಕುದುರೆ ಬಂತು ಎಂದು ನಕ್ಕರಂತೆ. ಆದರೆ ವಾರದೊಳಗೆ ಮಾವನ ಕಾಲು ಹಿಡಿಯುವುದು ನಿಂತಿತು. ಆಮೇಲೆ ಅವರು ಅದನ್ನು ಕಳಚುವುದನ್ನೇ ಮರೆತರು. ಕೆಲಸ ಮುಗಿದ ಮೇಲೂ ಮೇಲಿಂದ ಪ್ಯಾಂಟು ಏರಿಸಿಕೊಂಡು ಹಾಗೇ ಲೋಕಲ್ ಹತ್ತುತ್ತಿದ್ದರು.

ಹಾಗೇ ಹೆಣ್ಣು ನೋಡಲೂ ಬಂದರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಹುಡುಗಿಯ ಮನೆ ದಹಿಸರಿನಲ್ಲಿ. ಅವಳ ತಂದೆಗೆ ಅಲ್ಲೊಂದು ಸಣ್ಣ ದಿನಸಿ ಅಂಗಡಿ. ನಾವು ಮೂವರು ಮನೆಯಿಂದ ಹೋದೆವು, ಮಾವ ಕೆಲಸದಿಂದ ನೇರವಾಗಿ ಸ್ಟೇಷನ್ನಿಗೆ ಬಂದು ಕೂಡಿಕೊಂಡರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಅವರ ಪ್ಯಾಂಟು ಮೇಲೆ ಸರಿಯಿತು. ಕಡುಹಸಿರು ಉಣ್ಣೆ ಎಲ್ಲರಿಗೂ ಕಂಡಿತು.

ಹುಡುಗಿಯ ಅಜ್ಜಿ ಮೊದಲು ಬಾಯಿ ತೆರೆದರು. "ಕಾಲಿಗೆ ಎಂತ ಕಟ್ಟಿಕೊಂಡದ್ದು?"

"ಉಣ್ಣೆಯದ್ದು ಅಜ್ಜಿ," ಎಂದರು ಅಮ್ಮ.

"ಈ ಸೆಕೆಯಲ್ಲಿ ಉಣ್ಣೆಯಾ?"

ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ಆನೆಕಾಲು ರೋಗವನ್ನು ಕಂಡ ಊರಿನವರು ಅವರೂ, ನಾವೂ. ಅವರ ಮನಸ್ಸಿನಲ್ಲಿ ಏನಿದೆಯೆಂದು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಅಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಎಲ್ಲ ನನ್ನಿಂದಲೇ ಆಯಿತು ಎಂದುಕೊಂಡೆ.

ಮಾವ ಮಾತ್ರ ನಿಧಾನವಾಗಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಎರಡೂ ಕಾಲುಚೀಲ ಕಳಚಿ ಚಾಪೆಯ ಮೇಲಿಟ್ಟರು. "ನಾನು ಮಂಜುಗಡ್ಡೆಯ ನಡುವೆ ಕೆಲಸ ಮಾಡುವವ ಅಜ್ಜಿ. ಅಲ್ಲಿ ವರ್ಷವಿಡೀ ಚಳಿ. ಕಾಲು ಸರಿಯಾಗಿಯೇ ಉಂಟು, ನೀವೇ ನೋಡಿ."

ಅಜ್ಜಿ ನಿಜಕ್ಕೂ ನೋಡಿದರು. ಹತ್ತಿರ ಬಂದು ಕೂತು, ಹಲಸಿನಹಣ್ಣು ಒತ್ತಿ ನೋಡುವ ಹಾಗೆ ಹೆಬ್ಬೆರಳಿನಿಂದ ಎರಡೂ ಮೀನಖಂಡ ಒತ್ತಿದರು. "ಕಲ್ಲಿನ ಹಾಗೆ ಉಂಟು," ಎಂದು ಮಗನ ಕಡೆ ತಿರುಗಿ ಹೇಳಿದರು.

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆಮೇಲೆ ಬಂದು ಒಂದು ಕಾಲುಚೀಲ ಎತ್ತಿಕೊಂಡು ಒಳಹೊರಗು ಮಾಡಿ ನೋಡಿದಳು.

"ಇಲ್ಲಿ ಎರಡು ಕುಣಿಕೆ ತಪ್ಪಿದೆ. ಯಾರು ಹೆಣೆದದ್ದು?"

ನಾನು ಅಮ್ಮನ ಬೆನ್ನ ಹಿಂದೆ ಸರಿದೆ.

"ನನ್ನ ಸೊಸೆ, ಅಕ್ಕನ ಮಗಳು," ಎಂದರು ಮಾವ. "ಆ ತಪ್ಪಿದ ಜಾಗ ಉಂಟಲ್ಲ, ಅಲ್ಲೇ ಜಾಸ್ತಿ ಬೆಚ್ಚಗಾಗುವುದು."

ಹುಡುಗಿ ಆಗ ತಲೆಯೆತ್ತಿ ಅವರ ಮುಖವನ್ನು ಸರಿಯಾಗಿ ನೋಡಿದಳು.

ಮರಳಿ ಬರುವಾಗ ಲೋಕಲ್ ಬೊರಿವಲಿ ದಾಟಿದ ಮೇಲೆ ಮಾವ ಬಗ್ಗಿ ಕಾಲು ಮುಟ್ಟಿಕೊಂಡರು. ಕಾಲುಚೀಲ ಅಲ್ಲೇ ಉಳಿದಿತ್ತು. ಹೋಗಿ ಕೇಳುವುದು ಹೇಗೆ ಎಂದು ಅಮ್ಮನಿಗೆ ಸಂಕೋಚ. ಮೂರನೆಯ ದಿನ ಹುಡುಗಿಯ ತಂದೆಯೇ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಹಿಡಿದು ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂದರು. ಕಾಲುಚೀಲ ಒಗೆದಿತ್ತು. ನಾನು ಒರಟಾಗಿ ಹಾಕಿದ್ದ ಹಿಂಬದಿಯ ಹೊಲಿಗೆಯನ್ನು ಬಿಚ್ಚಿ ಯಾರೋ ಚಂದವಾಗಿ ಹೊಲಿದಿದ್ದರು. ನನಗೆ ಸ್ವಲ್ಪ ಸಿಟ್ಟು ಬಂತು. ಅಮ್ಮ ಮಾತ್ರ ಅದನ್ನು ಒಂದು ಸಲ ನೋಡಿ, ಅವರು ಬಾಯಿ ತೆರೆಯುವ ಮೊದಲೇ ಸಕ್ಕರೆ ಡಬ್ಬಿ ಹುಡುಕಲು ಒಳಗೆ ಹೋದರು.

ಮೇ ತಿಂಗಳಲ್ಲಿ ಮದುವೆ ಆಯಿತು. ಒಂದೂವರೆ ಕೋಣೆಯಲ್ಲಿ ನಾವು ಐದು ಜನರಾದೆವು. ಅತ್ತೆಗೆ ಹಿಂದಿ ಬರುತ್ತಿರಲಿಲ್ಲ, ಮಾಸೀಜಿಗೆ ಕನ್ನಡ ಬರುತ್ತಿರಲಿಲ್ಲ. ಇಬ್ಬರೂ ಗ್ಯಾಲರಿಯಲ್ಲಿ ಕೂತು ಕಡ್ಡಿಗಳನ್ನು ಆಡಿಸುತ್ತ ಗಂಟೆಗಟ್ಟಲೆ ಹರಟುತ್ತಿದ್ದರು. ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ನಕ್ಕವರೆಲ್ಲ ತಮಗೂ ಒಂದೊಂದು ಜೊತೆ ಬೇಕೆಂದು ಮಾವನ ಬೆನ್ನು ಹತ್ತಿದ್ದರು. ಹಳೆಯ ಸ್ವೆಟರುಗಳನ್ನು ಅವರೇ ಕಳಿಸಿಕೊಟ್ಟರು. ಕೆಂಪು, ಕಂದು, ಒಂದು ಹಳದಿ ಕೂಡ. ನಾವು ಮೂವರು ಕೂತು ಮಾವನ ಪಾಳಿಯ ಅಷ್ಟೂ ಜನರಿಗೆ ಹೆಣೆದು ಮುಗಿಸುವಾಗ ಮತ್ತೊಂದು ಬೇಸಗೆ ಬಂದಿತ್ತು.

ಒಂದು ಭಾನುವಾರ ಅವರ ಮುಕಾದಮ, ಎಂದರೆ ಪಾಳಿಯ ಮೇಸ್ತ್ರಿ, ಕೈಗಾಡಿಯಲ್ಲಿ ಮರದ ಹೊಟ್ಟು ಹಾಕಿ ಗೋಣಿ ಸುತ್ತಿದ ಒಂದು ದೊಡ್ಡ ಮಂಜುಗಡ್ಡೆ ತಂದು ಚಾಳಿನ ಅಂಗಳದಲ್ಲಿ ಇಳಿಸಿದ. "ತುಮ್ಹಾರೇ ಲಿಯೇ," ನಿಮಗೋಸ್ಕರ, ಎಂದು ಗ್ಯಾಲರಿಯಲ್ಲಿ ನಿಂತಿದ್ದ ನಮ್ಮ ಮೂವರಿಗೂ ಕೈ ಮುಗಿದು ಹೋದ. ಮಾವ ಸುತ್ತಿಗೆ ತಂದು ಒಡೆದರು. ಮಾಸೀಜಿ ಲಸ್ಸಿ ಮಾಡಿದರು, ಅತ್ತೆ ಪುನರ್ಪುಳಿ ಶರಬತ್ತು ಮಾಡಿದರು. ಮೂರೂ ಮಹಡಿಯವರು ಲೋಟ, ಚೊಂಬು, ಕೊನೆಗೆ ಪಾತೇಲಿ ಹಿಡಿದು ಇಳಿದು ಬಂದರು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಉಳಿದದ್ದು ಒದ್ದೆ ಹೊಟ್ಟು ಮಾತ್ರ. ಮಕ್ಕಳು ಅದರಲ್ಲೂ ಕೈಯಾಡಿಸಿ ಚೂರು ಹುಡುಕುತ್ತಿದ್ದರು.