ವಿಭೂತಿ ಬಳಿದ ಕಣ್ಣು ಒರೆಸುವ ನಿಂಗರಾಜು

ಆಯುಧಪೂಜೆಯ ಮರುದಿನ. ಕೊಳ್ಳೇಗಾಲದ ರೇಷ್ಮೆ ಅಂಗಡಿಗಳ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಇಳಿದಿಲ್ಲ. ಒಡೆದ ಬೂದುಗುಂಬಳದ ಹೋಳುಗಳನ್ನು ದಾಟಿ ನಿಂಗರಾಜು ಏಣಿ ಆನಿಸುತ್ತಾರೆ. ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಪಕ್ಕಕ್ಕೊಂದು ಚೆಂಡುಹೂ. ನೋಡಲು ದೇವರ ಹಾಗೇ ಇದೆ; ಅದಕ್ಕೆ ಮಾತ್ರ ಏನೂ ಕಾಣುವುದಿಲ್ಲ.

“ಲಾರಿಗೆ ಹಣೆ ಅದೆ, ಮಗ್ಗಕ್ಕೂ ಹಣೆ ಅದೆ. ಇದಕ್ಕೆ ಬರೀ ಕಣ್ಣು ಕಣ್ರಣ್ಣೋ!” ಎಂದು ಮೇಲಿನಿಂದಲೇ ಕೂಗುತ್ತಾರೆ.

ಏಣಿ ಹಿಡಿದ ಅಂಗಡಿ ಯಜಮಾನ ಶಿವನಂಜಯ್ಯ ಬಿಡುವವರಲ್ಲ. “ಪೂಜೆ ತಪ್ಸಿದ್ರೆ ಕೆಟ್ಟೋಯ್ತದೆ ಕಣ್ಲಾ. ಕೆಟ್ರೆ ನಿಂಗೇ ತಾನೆ ಕೆಲ್ಸ, ಯಾಕಂಗೆ ಎಗರಾಡೀಯೆ?”

ನಿಂಗರಾಜು ನಗುವುದಿಲ್ಲ. ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಹಾಗೆ, ಅವರ ಜೀವವೆಲ್ಲ ಅಂಗಿ ಜೇಬಿನ ಮೊಬೈಲಿನಲ್ಲಿದೆ. ಅದರ ತೆರೆಯಲ್ಲಿ ಒಂದೊಂದು ಕ್ಯಾಮೆರಾಕ್ಕೆ ಒಂದೊಂದು ಚೌಕ; ಹೂಗ್ಯಂ ಊರಿನ ಚೌಕ ನಿನ್ನೆ ಸಂಜೆಯಿಂದ ಬೆಳ್ಳಗೆ ಕುಳಿತಿದೆ.

ಅದು ಕಾಡಂಚಿನ ದೊಡ್ಡಮಾದಮ್ಮನ ಆಡಿನ ಕೊಟ್ಟಿಗೆ. ಹೋದ ತಿಂಗಳು ಚಿರತೆ ಎರಡು ಆಡು ಹೊತ್ತೊಯ್ದ ಮೇಲೆ ನಿಂಗರಾಜು ಅಲ್ಲಿ ಕ್ಯಾಮೆರಾ ಕೂರಿಸಿದರು. ಅಜ್ಜಿಯ ಬಳಿ ಇರುವುದು ಗುಂಡಿ ಫೋನು. ಹಾಗಾಗಿ ಚಿತ್ರ ಇವರ ಮೊಬೈಲಿಗೆ ಬರುತ್ತದೆ. ಏನಾದರೂ ಸುಳಿದರೆ ಇವರು ಫೋನು ಮಾಡಬೇಕು, ಆಕೆ ತಗಡು ಬಡಿಯಬೇಕು. ನಿನ್ನೆಯಿಂದ ಆ ಫೋನೂ ಸ್ವಿಚ್ ಆಫ್. ಕತ್ತಲಾದ ಮೇಲೆ ಆನೆ ಓಡಾಡುವ ದಾರಿ, ಬೈಕು ಬಿಡುವಂತಿಲ್ಲ. ಬೆಳಕಾಗುವವರೆಗೆ ಸುಮ್ಮನೆ ಕೂರಲಾಗದೆ ಇಲ್ಲಿ ಏಣಿ ಹತ್ತಿದ್ದಾರೆ.

ಯಳಂದೂರು ಸೀಮೆಯ ಅಗರದವರು ನಿಂಗರಾಜು. ಮೊದಲು ಕೇಬಲ್ ಟಿವಿಯ ತಂತಿ ಎಳೆಯುತ್ತಿದ್ದರು. ಜನ ಮೊಬೈಲಿನಲ್ಲೇ ಸಿನಿಮಾ ನೋಡತೊಡಗಿದಾಗ ಅದೇ ಏಣಿ ಹೊತ್ತು ಈ ಕೆಲಸಕ್ಕೆ ಬಂದರು. ಈಗ ಮೂರು ತಾಲ್ಲೂಕುಗಳಲ್ಲಿ ಇನ್ನೂರಕ್ಕೂ ಹೆಚ್ಚು ಕ್ಯಾಮೆರಾಗಳು ಇವರ ಕೈಯವು. ಜೇಡ ಬಲೆ ಕಟ್ಟಿದರೂ, ಕೋತಿ ತಂತಿ ಜಗ್ಗಿದರೂ ಕರೆ ಬರುವುದು ಇವರಿಗೇ. “ಮುದ್ದೆ ನುಂಗೋವಾಗ್ಲೂ ಊರೋರ ಬಾಗ್ಲು ನೋಡ್ತರೆ. ಎದ್ರುಗೆ ಕುಂತಿರೋ ನಾನು ಕಾಣಾಕಿಲ್ಲ,” ಎಂದು ಹೆಂಡತಿ ಜ್ಯೋತಿಲಕ್ಷ್ಮಿ ಹಂಗಿಸುತ್ತಾರೆ.

ಮೊದಲ ಬಿಸಿಲು ಬೀಳುತ್ತಲೇ ನಿಂಗರಾಜು ಏಣಿ ಮಡಚುತ್ತಾರೆ.

“ಒಳಗಿರೋವು ಯಾರ್ಲಾ ಒರ್ಸೋರು?” ಎಂದು ಶಿವನಂಜಯ್ಯ ತಡೆಯುತ್ತಾರೆ.

“ನಿಮ್ಮಂಗ್ಡಿಗೆ ಬೀಗ ಅದೆ ಕಣ್ರಿ. ಅಜ್ಜಿ ಕೊಟ್ಗೆಗೆ ಬರೀ ಬಿದ್ರು ತಟ್ಟಿ.”

ಹನೂರು ದಾಟಿ ಹೂಗ್ಯಂ ತಲುಪುವವರೆಗೂ ಬೆಳ್ಳಗಿನ ಚೌಕವೊಂದೇ ಕಣ್ಣ ಮುಂದೆ. ಕೊಟ್ಟಿಗೆಯ ಹತ್ತಿರ ಸದ್ದಿಲ್ಲ. ಆಮೇಲೆ, ಮೇ ಎಂಬ ಒಂದು ದನಿ.

“ಉಳ್ದಿದ್ದ ಆಡು ನಾಕೂ ಅವೆ, ಬಾ ಕಣಪ್ಪಾ,” ಎನ್ನುತ್ತಾ ದೊಡ್ಡಮಾದಮ್ಮ ಸೊಪ್ಪಿನ ಹೊರೆ ಇಳಿಸುತ್ತಾರೆ.

“ಫೋನೆಲ್ಲಜ್ಜಿ?”

“ಆಫ್ ಮಾಡಿ ಪೂಜೆಗೆ ಮಡಗಿವ್ನಿ. ಮುಟ್ಬೋದಾ? ನೀನು ಹಾಕ್ಕೊಟ್ಟ ಕಣ್ಗೂ ದೃಷ್ಟಿ ತಾಕ್ಬಾರ್ದು ಅಂತ ಇಬೂತಿ ಬಳುದೆ.”

ರಾತ್ರಿಯಿಡೀ ಕಟ್ಟಿಟ್ಟ ಕೋಪ ಬಿಟ್ಟು ನಿಂಗರಾಜು ಒರೆಸುವ ಬಟ್ಟೆ ತೆಗೆಯುತ್ತಾರೆ. ಗಾಜು ಒರೆಸುತ್ತಾ, “ಇನ್ಮೇಲೆ ಕಂಬಕ್ಕೆ ಬಳಿ ತಾಯಿ, ಕಣ್ಣ ಮುಟ್ಬೇಡ,” ಎಂದಷ್ಟೇ ಹೇಳುತ್ತಾರೆ.

ಹಿಂದಿರುಗುವಾಗ ತಿರುವಿನಲ್ಲಿ ಬೈಕು ನಿಲ್ಲಿಸಿ ಮೊಬೈಲ್ ತೆಗೆಯುತ್ತಾರೆ. ಚೌಕ ತಿಳಿಯಾಗಿದೆ. ಅದರೊಳಗೆ ಅಜ್ಜಿ ಕ್ಯಾಮೆರಾಕ್ಕೆ ಮುಖ ಕೊಟ್ಟು ನಿಂತಿದ್ದಾರೆ. ಮಾತಿಗೆ ಕಟ್ಟುಬಿದ್ದು ಮುಟ್ಟುತ್ತಿಲ್ಲ. ದೂರದಿಂದಲೇ ಎರಡೂ ಕೈಯಿಂದ ನಿವಾಳಿಸಿ, ಕೆನ್ನೆಗೊತ್ತಿ, ನೆಟಿಕೆ ಮುರಿಯುತ್ತಿದ್ದಾರೆ. ಮೊಬೈಲಿನಲ್ಲಿ ಆ ಕೈಗಳು ನೇರ ನಿಂಗರಾಜುವಿನ ಮುಖಕ್ಕೇ ಚಾಚಿವೆ.

“ಕ್ಯಾಮ್ರಾಕ್ಕೆ ಅಂತ ದೃಷ್ಟಿ ತಗೀತಾವ್ಳೆ,” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. “ಆ ಕೈ ತಾಕ್ತಾ ಇರೋದು ನಂಗೆ.”