ಕಾಕಾನ ಕೆರೆ ಏರಿ

ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಗೆಂದು ಸುರಪುರದ ಸಂತೆಯಿಂದ ತಂದ ಮಣ್ಣಿನ ಜೋಡೆತ್ತು ಇನ್ನೂ ಹಸಿಯಾಗಿದ್ದವು. ಮೂಗಿನ ಹತ್ತಿರ ಹಿಡಿದೆ. ಕೆರೆಯ ಜಿಗುಟು ಮಣ್ಣಿನ ವಾಸನೆ... ನೆನಪಾದದ್ದು ದೇವರಲ್ಲ, ನೆರೆಮನೆಯ ಕಾಕಾ.

ಊರ ಮೇಲ್ಗಡೆಯ ಸಣ್ಣ ಕೆರೆ ಅವರ ಸ್ವಂತದ್ದು. ಹಳ್ಳಕ್ಕೆ ಮಣ್ಣಿನ ಏರಿ ಹಾಕಿಸಿದವರು ಅವರಜ್ಜನಂತೆ. ಏರಿಯ ಕೆಳಗೆ ನಾವು ಪಾಲಿಗೆ ಉಳುತ್ತಿದ್ದ ಅವರ ಹೊಲ, ನಮ್ಮ ಮನೆ, ಇನ್ನೂ ಕೆಲವರ ಮನೆಗಳು. ಮಳೆಗೆ ಮುಂಚೆ ಮನೆಗೊಂದು ಬುಟ್ಟಿ ಮಣ್ಣು ಏರಿಗೆ ಸುರಿದು ತುಳಿಯುವುದು ಪದ್ಧತಿ. ಹೆಗ್ಗಣದ ಬಿಲ ಮುಚ್ಚುತ್ತಿದ್ದುದೂ ಆಗಲೇ. ಸೊಸೆಯಾಗಿ ಬಂದ ವರ್ಷ ನಾನೂ ತುಳಿದಿದ್ದೆ.

ಮುಂದೆ ನಿಜಾಮರ ಆಳ್ವಿಕೆ ಹೋಯಿತು. ಉಳುವವನಿಗೇ ಹೊಲ ಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಆ ವರ್ಷ ಕಾಕಾ ಬುಟ್ಟಿ ಹೊತ್ತವರನ್ನು ಏರಿಯ ಬುಡದಲ್ಲೇ ತಡೆದರು.

"ಇವತ್ತ ಮಣ್ಣ ಹಾಕ್ತೀರಿ, ನಾಳಿ ಕಚೇರಿಗಿ ಹೋಗಿ ಕೆರಿ ನಮ್ದೂ ಅಂತೀರಿ. ಒಬ್ರೂ ಕಾಲಿಡಬ್ಯಾಡ್ರಿ!"

ನಮ್ಮ ಅತ್ತೆಯೇನು ಕಡಿಮೆಯೆ? "ಏರಿ ಒಡದು ನಾವು ಹರಕೊಂಡ ಹೋಗ್ಲಿ ಅಂತಾನ. ಹೊಲ ಅವಂಗ ಉಳೀತಾವಲ್ಲ" ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಇಬ್ಬರನ್ನೂ ನಂಬಲಿಲ್ಲ. ನಂಬುವುದು ನನ್ನ ಸ್ವಭಾವವೇ ಅಲ್ಲ.

ಹೀಗೇ ಕೆಲವು ಮಳೆಗಾಲ ಕಳೆದವು. ಒಮ್ಮೆ ಕೆರೆ ತುಂಬಿದಾಗ ಏರಿಯ ಬುಡದಿಂದ ನೀರು ಜಿನುಗತೊಡಗಿತು. ತಿಳಿನೀರಾದರೆ ಅಷ್ಟು ಭಯವಿಲ್ಲ. ಒಂದು ಮುಂಜಾನೆ ರಾಡಿ ಬಂತು. ಒಳಗಿನ ಮಣ್ಣೇ ಕೊಚ್ಚಿ ಬರುತ್ತಿತ್ತು. ಕಾಕಾನ ಮನೆಗೆ ಓಡಿದೆ.

"ನಿಮ್ಮತ್ತಿ ಕಳಿಸ್ಯಾಳೇನು? ಏರಿ ಹತ್ತಾಕ ನೆವಾ ಹುಡುಕಾಕತ್ತೀರಿ."

"ನೀವ ಬಂದು ನೋಡ್ರಿ ಕಾಕಾ. ನನ್ನ ಕೂಸು ಅದರ ಕೆಳಗ ಮಲಗೇತ್ರಿ."

ಬಂದರು. ರಾಡಿ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದರು. ಸಲಿಕೆ ತಂದು, ಹೆಚ್ಚಾದ ನೀರು ಹೊರಹೋಗುವ ಕೋಡಿಯ ಗರಸು ನೆಲವನ್ನು ಅಗೆದು ತಗ್ಗು ಮಾಡಿದರು. ವರ್ಷದ ನೀರೆಲ್ಲ ಊರ ಹೊರಗಿನ ಹಳ್ಳಕ್ಕೆ ಹೋಯಿತು. ಏರಿ ನಿಂತಿತು, ನಾವು ಉಳಿದೆವು.

"ನಮ್ಮ ಭತ್ತಕ್ಕ ನೀರ ಸಿಗಬಾರ್ದಂತ ಬಿಟ್ಟಾನ" ಎಂದರು ಅತ್ತೆ.

ಬೇಸಿಗೆಯಲ್ಲಿ ಕಾಕಾ ತಾವೇ ಮನೆಮನೆಗೆ ಬಂದರು. "ಬುಟ್ಟಿ ತೊಗೊಂಡು ಬರ್ರಿ, ಏರಿ ಗಟ್ಟಿ ಮಾಡೂಣು." ಎಲ್ಲರೂ "ಹೌದ್ರಿ, ಬರ್ತೀವ್ರಿ" ಎಂದರು. ಈಗೇಕೆ ಕರೆಯುತ್ತಾರೆ, ಏನೋ ಇದೆ ಎಂದುಕೊಂಡು ಯಾರೂ ಹೋಗಲಿಲ್ಲ. ಬುಟ್ಟಿ ಎತ್ತಿದ್ದ ನನ್ನನ್ನು ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿದರು. ಕಾಕಾ ಒಬ್ಬರೇ ಬಿಸಿಲಲ್ಲಿ ಮಣ್ಣು ಹೊತ್ತರು... ಒಂದು ಮಧ್ಯಾಹ್ನ ಏರಿಯ ಮೇಲೆ ಕುಸಿದು ಕುಳಿತವರು ಏಳಲಿಲ್ಲ. ಮಣ್ಣು ಮಾಡಲು ಊರಿಗೆ ಊರೇ ಬಂತು. ಮುಷ್ಟಿ ಮಣ್ಣು ಹಾಕಲು ಯಾರೂ ಹಿಂದೆಮುಂದೆ ನೋಡಲಿಲ್ಲ.

ಏರಿಗೆ ಹೆದರಿ ನಾವೆಲ್ಲ ದಿನ್ನೆಗೆ ಮನೆ ಬದಲಿಸಿದ್ದರಿಂದ, ಮುಂದಿನ ಮಳೆಗೆ ಏರಿ ಒಡೆದಾಗ ಜೀವ ಉಳಿಯಿತು. ಹೊಲದ ತುಂಬ ಉಸುಕು ಬಿತ್ತು. ಈಗ ಕೆರೆಯಿದ್ದಲ್ಲಿ ಜಾಲಿ ಬೆಳೆದಿದೆ. ಅಂದು ಅವರು ಸಲಿಕೆ ಹಿಡಿದದ್ದು ನನ್ನ ಕೂಸಿಗಾಗಿಯೋ, ತಮ್ಮ ಏರಿಗಾಗಿಯೋ... ಈ ಹಾಳು ಸಂಶಯ ಇಂದಿಗೂ ಹೋಗಿಲ್ಲ. ಅವರ ಜೊತೆ ಮಣ್ಣು ಹೊತ್ತಿದ್ದರೆ ಎಂದಾದರೂ ಕೇಳುತ್ತಿದ್ದೆ. ಸಂಕಟವಾಗುತ್ತದೆ. ಕೇಳಲು ಕಾಕಾ ಇಲ್ಲ.